ನಾಲ್ಕನೇ ಲಿಂಬಿ

...ಅಲ್ಲಲೇ ಫಿರೋಜ್ಯಾ, ಗೆದ್ದಾಂವ ನೀ! ಗೆದ್ದಾಂವ ಹಿಂಗ ಮಾರಿ ಗಂಟ ಹಾಕ್ಕೊಂಡು ಕುಂತ್ರ ಸೋತಾಂವ ನಾ ಏನ್ ಮಾಡ್ಲಿ? ಹಂಗ ಕುಂದರಬೇಕಾದಾಂವ ನಾ! ನಮ್ಮ ಹೀರೋ ದೊರಿ ಸಿನಿಮಾ ಸೋತೈತಿ. ‘ಉಕ್ಕಿನ ಉಸ್ತಾದ’ ಸೋತೈತಿ! ಇಂಡಿ ಊರಾಗ, ಲಿಂಬಿ ಬಜಾರದಾಗ, ದೊರಿ ಅಭಿಮಾನಿ ಸಂಘದ ಅಧ್ಯಕ್ಷ ಶಂಕರೆಪ್ಪ ಕಣ್ಣ ತೆರಕೊಂಡು ಕುಂತಾಗ ಸೋತೈತಿ! ಆದ್ರೂ ನಾ ಎದ್ದು ಅಡ್ಡ್ಯಾಡಾಕತ್ತೇನಿ. ನೀ ನೋಡಿದ್ರ ಸತ್ತವರ ಮನ್ಯಾಗ ಕುಂತಂಗ... ಏ, ಬಾಯಿ ತಪ್ಪಿ ಬಂತು. ಬಿಡು. ಹಂಗ ಅಂದಿದ್ದಲ್ಲ ನಾ.

ಹೊರಗರ ಒಂಚೂರು ನೋಡು. ಚಾಪಿ ಹಾಸಿ ಮಂದಿ ಕುಂತ ಬಿಟ್ಟಾರ. ಮುತ್ತುರಾಜ ತನ್ನ ಟೆಂಪೋದಾಗ ಕನ್ನೊಳ್ಳಿ ಮಂದೀನ ತುರುಕ್ಕೊಂಡು ಬಂದಾನ. ಹೆಣ್ಣಮಕ್ಕಳು ಚುರುಮುರಿ ಕಟ್ಕೊಂಡು, ಹುಡುಗರನ್ನ ಬಗಲಾಗ ಇಟ್ಕೊಂಡು ಬಂದಾರ. ಪರದೆ ಕಟ್ಟೈತಿ. ಮಶೀನ ಇಟ್ಟೈತಿ. ಎಲ್ಲಾ ತಯಾರ! ಆಪರೇಟರ ಎಲ್ಲ್ಯಾನ? ಆಪರೇಟರ ಇಲ್ಲಿ ಗೋದಾಮಿನಾಗ ಖಾಲಿ ಬುಟ್ಟಿ ಬೋರಲ ಹಾಕಿ, ಅದರ ಮ್ಯಾಲ ಕುಂತು, ಸಿನಿಮಾ ಇರೂ ಪೆನ್‌ಡ್ರೈವ್ ಮುಷ್ಟ್ಯಾಗ ಹಿಡಕೊಂಡಾನ! ಕೊಡು ಇತ್ತ. ಕೊಡಲೇ. ನಿನಗ ಆಗೂದಿಲ್ಲಂದ್ರ ಯಾವಾಂವನರ ಕರದು ಚಾಲೂ ಮಾಡಸ್ತೇನಿ.

ಕೊಡೂದಿಲ್ಲ?

ಹೌದಪಾ, ಹೌದು, ಕೇಳೇನಿ. ಒಮ್ಮೆ ಹೇಳಿದಿ, ಊರಿಗೆಲ್ಲಾ ಕೇಳೈತಿ. ‘ನಾಲ್ಕನೇ ಲಿಂಬಿ ಯಾರದು ಅಂತ ಗೊತ್ತಾಗೂ ತನಕ ಮಶೀನ ಚಾಲೂ ಮಾಡೂದಿಲ್ಲ.’ ಹೇಳಿ ಬಾಯಿಗಿ ಬೀಗ ಹಾಕ್ಕೊಂಡಿ! ಮಂದಿ ನನಗ ಗಂಟ ಬಿದ್ದಾರ. ‘ಶಂಕರೆಪ್ಪಾ, ನಿನ್ನ ದೋಸ್ತ, ನೀನ ಹೇಳು.’ ಎಂಥಾ ಹಣೆಬರಹ ನೋಡು ನಂದು! ಸೋತಾಂವ ಬಂದು ಗೆದ್ದಾಂವನ ಕಾಲ ಹಿಡೀಬೇಕು, ‘ನನ್ನ ಸೋಲಿಸಿದ ಸಿನಿಮಾ ತೋರಸಪಾ’ ಅಂತ!

ಅಲ್ಲ, ಈ ಪದ್ಧತಿ ಮಾಡಿದಾಂವ ಯಾರು? ಹೇಳು, ಯಾರು ಮಾಡಿದಾಂವ? ನೀನ! ಏಳು ಮಂದಿ ನಾವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲೂಕಿನ ಸಿನಿಮಾ ಹುಚ್ಚರು. ವರ್ಷಕ್ಕೊಮ್ಮಿ ಕೂಡೂದು, ವರ್ಷದಾಗಿನ ಛಲೋ ಸಿನಿಮಾ ಯಾವುದು ಅಂತ ಗುದ್ದಾಡೂದು, ಕಡೀಗಿ ಎರಡು ಉಳೀತಾವ. ತಟ್ಟಿನ ಚೀಲ ಅಡ್ಡ ಕಟ್ಟಿ ಅದರ ಹಿಂದ ಎರಡು ಬುಟ್ಟಿ ಇಡೂದು. ಒಬ್ಬೊಬ್ಬರ ಒಳಗ ಹೋಗಿ ತಮಗ ಸೇರಿದ ಬುಟ್ಟ್ಯಾಗ ಒಂದ ಲಿಂಬಿ ಹಾಕಿ ಬರೂದು. ಗೆದ್ದ ಬುಟ್ಟಿ ಲಿಂಬಿ ಶರಬತ್ತು, ಸೋತ ಬುಟ್ಟಿ ಲಿಂಬಿ ಉಪ್ಪಿನಕಾಯಿ. ಗೆದ್ದ ಸಿನಿಮಾ ಅವತ್ತ ಸಂಜಿಕ ಬಜಾರದಾಗ ಮಂದಿಗೆಲ್ಲಾ ತೋರಸೂದು. ಮತ್ತ ಯಾರು ಯಾವ ಬುಟ್ಟ್ಯಾಗ ಹಾಕಿದ್ರಂತ ಕೇಳಬಾರದು, ಹೇಳಬಾರದು! ಇದು ನಿನ್ನ ಕಾಯ್ದೆ! ಕೇಳಬಾರದು ಅಂತ ಕಾಯ್ದೆ ಮಾಡಿದಾಂವನ ಇವತ್ತ ಕೇಳಾಕತ್ತಾನ. ಎಲ್ಲಿಗಿ ಬಂತಪಾ ನ್ಯಾಯ!

ಶರಬತ್ತು ಕುಡಿ. ಗ್ಲಾಸ ಹಿಡಕೊಂಡು ಎಷ್ಟೊತ್ತು ಕುಂದರಾಂವ? ಅದರಾಗ ಮಾರಿ ನೋಡ್ಕೊಳ್ಳಾಕತ್ತಿಯೇನ? ಇಂದುಬಾಯಿ ಅಷ್ಟು ಹುರುಪಲೆ ಮಾಡ್ಯಾಳ, ಏಲಕ್ಕಿ ಹಾಕಿ. ಆಕಿಗಂತೂ ಇವತ್ತ ಹಬ್ಬ! ಬಾಗೇವಾಡಿಯಿಂದ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದಾಳ, ಅಂಗನವಾಡಿಗಿ ಸೂಟಿ ಹಾಕಿ. ‘ಅಧ್ಯಕ್ಷರ, ನೀವೂ ಒಂದ್ ಗ್ಲಾಸ ತಗೋರಿ’ ಅಂತ ನನಗ ಕೊಡಾಕ ಬಂದ್ಲು! ನಾ ಮುಟ್ಟೂದಿಲ್ಲವಾ ಅಂದ್ನಿ. ನನಗ ಉಪ್ಪಿನಕಾಯಿನ ಗತಿ. ನಾ ಒಂದ ಹನಿ ಮುಟ್ಟೂದಿಲ್ಲ ಆ ಶರಬತ್ತು. ಆದ್ರ ನೀ ಕುಡಿಬೇಕಲ್ಲೋ!

ಗೊತ್ತೈತಿ. ನಿನ್ನ ತಲ್ಯಾಗ ಏನೈತಿ ಅನ್ನೂದು ನನಗ ಗೊತ್ತೈತಿ.

ಬೆಳಿಗ್ಗೆ ಲಿಂಬಿ ಹಾಕೂಕಿಂತ ಮೊದಲ ಎದ್ದ ನಿಂತು ಹೇಳಿದಿ. ‘ಈ ಸಿನಿಮಾದಾಗ ನನ್ನ ಮನಿಯಾಕಿ ಒಂದ್ ಗಳಿಗಿ ಕಾಣ್ತಾಳ. ಆಕಿ ಈಗ ಇಲ್ಲ. ನನ್ನ ಮಾರಿ ನೋಡಿ, ಅಯ್ಯೋ ಪಾಪ ಅಂತ ಯಾರರ ಲಿಂಬಿ ಹಾಕಿದ್ರ ಅದು ನನಗ ಹರಾಮ. ಸಿನಿಮಾ ಛಲೋ ಅನ್ನಿಸಿದ್ರ ಹಾಕ್ರಿ, ಇಲ್ಲಂದ್ರ ಬ್ಯಾಡ.’ ಗಂಡಸ್ತನದ ಮಾತು! ಯಾರು ಇಲ್ಲಂತಾರ? ನೀ, ಇಂದುಬಾಯಿ, ಮಸೂತಿ ಊರಿನ ಅನಿಲಕುಮಾರ, ಮೂರು ಮಂದಿ ‘ಮೂರನೇ ಗಂಟಿ’ ಸಿನಿಮಾ ಕಡೆ ಅಂತ ಮೊದಲಿಂದ ಗೊತ್ತಿದ್ದದ್ದ. ಅನಿಲಕುಮಾರ ಲೈನಮನ್, ಕಂಬದ ಮ್ಯಾಲ ಕುಂತು ಬ್ಯಾರೇನ ಪ್ರಪಂಚ ನೋಡಾಂವ, ಅವಂಗ ಇಂಥಾವ ಸೇರತಾವ. ಉಳದ ನಾಕ ಮಂದಿ ನಾವು, ದೊರಿ ಕಡೆ. ನಾಕು ಮೂರು. ನಾವ ಗೆಲ್ಲಬೇಕು! ಬುಟ್ಟಿ ತೆಗದ ನೋಡಿದ್ರ ತಿರಮುರುವ! ನಿಮ್ಮ ಬುಟ್ಟ್ಯಾಗ ನಾಕು, ನಮ್ಮ ಬುಟ್ಟ್ಯಾಗ ಮೂರ!

ಅದಕ್ಕ ನಿನಗ ಸಂಶೇ. ದೊರಿ ಕಡ್ಯಾಂವ ಒಬ್ಬಾಂವ ನಿನ್ನ ಮ್ಯಾಲ ಕನಿಕರಾ ಮಾಡಿ ಹಾಕ್ಯಾನ ಅಂತ. ನಿನಗ ಅದು ಕನಿಕರಾ. ನನಗ ಅದು ದ್ರೋಹಾ! ಎಲ್ಲಾರಕಿಂತ ಮೊದಲ ನನಗ ಬೇಕಾಗ್ಯಾನ ಅಂವ. ಸಿಗಲಿ ಮಗ... ಕೊಳ್ಳಾಗ ಹುಳಿ ಲಿಂಬಿ ಮಾಲಿ ಹಾಕಿ ಇಡೀ ಇಂಡಿ ಮೆರವಣಿಗಿ ಮಾಡಸ್ತೇನಿ!

ಯಾಕ ನಗ್ತಿ?

ನಗೂ ಅಂಥಾದ್ದೇನು ಹೇಳಿದ್ನಿ ನಾ? ನಾ ಇಲ್ಲಿ ಉರಕೊಂಡ ಸಾಯಾಕತ್ತೇನಿ, ಇಂವ ನಗ್ತಾನ... ಆತು, ನಗು. ಮಾತಾಡೂದಿಲ್ಲ, ನಗೂದರ ಮಾಡು.

ನೋಡು, ಕುಂತು ವಿಚಾರ ಮಾಡೂಣು. ಮುತ್ತುರಾಜ? ಅವನ ಟೆಂಪೋದ ಹಿಂದಿನ ಗ್ಲಾಸಿನ್ಯಾಗ ದೊರಿ ಮಾರಿ ಐತಿ. ಹಿಂದ ಬರೂ ಗಾಡಿ ಕಾಣೂದಿಲ್ಲಲೇ, ತಗದ ಒಗಿ ಅಂದ್ರ, ‘ದೊರಿ ಇರಬೇಕಾದ್ರ ಹಿಂದ ಯಾಕ ನೋಡ್ಲಿ’ ಅಂದ ಮಗ ಅಂವ! ಬೆಳಿಗ್ಗೆ ಸೋತಾಗ ಟೆಂಪೋದಾಗ ಕುಂತು ಅತ್ತಾನ. ಖರೇನ ಅತ್ತಾನ, ನಾ ನೋಡೇನಿ. ಅವನಲ್ಲ. ಬಿಡು.

ಭೀಮಶ್ಯಾ? ಸಿಂದಗಿ ಡಿಪೋ ಕಂಡಕ್ಟರ. ಡ್ಯೂಟಿ ಮುಗಿಸಿ ಸೀದಾ ಬಂದಿದ್ದ, ಕಣ್ಣಾಗ ನಿದ್ದಿ. ನಿದ್ದಿಗಣ್ಣಾಗ ಬ್ಯಾರೆ ಬುಟ್ಟ್ಯಾಗ ಹಾಕಿರಬೇಕು, ಹಂಗ ಆಗಿರಬೇಕು! ಅಲ್ಲ? ಯಾಕಲ್ಲ? ...ಹಾಂ. ಬುಟ್ಟಿಗಿ ಪೋಸ್ಟರ ಹಚ್ಚಿತ್ತು. ದೊರಿ ಮಾರಿ ಬುಟ್ಟಿಕಿಂತ ದೊಡ್ಡದು ಹಚ್ಚಿದ್ವಿ, ನಾನ ಹಚ್ಚಿದ್ನಿ. ಕುರುಡ ಬಂದ್ರೂ ತಪ್ಪೂದಿಲ್ಲ. ಮತ್ತ ಅಂವ ಹೊರಗ ಬಂದು ‘ದೊರಿಗಿ ಜೈ’ ಅಂತ ಒದರಿದ. ಅದೂ ಅಲ್ಲ.

ಹಂಗಾರ ಬಸಂತರಾಯ ಮಾಸ್ತರ! ಅಂವನ! ಮುದ್ದೇಬಿಹಾಳದಾಗ ಸಾಲಿ ಕಲಿಸಿ ಕಲಿಸಿ ರಿಟಾಯರ್ ಆದ್ರೂ ಇನ್ನೂ ಎಲ್ಲಾರ ಪೇಪರ ತಿದ್ದೂ ಮನಿಷ್ಯಾ. ಮ್ಯಾಲ ಒಂದು, ಒಳಗ ಒಂದು. ಅವನ ಮ್ಯಾಲ ನನಗ ಮೊದಲಿಂದ... ಏನು? ತಲಿ ಯಾಕ ಅಳಗ್ಯಾಡಸ್ತಿ? ಅಂವ ಬೈದಾ? ಹೌದು, ಬೈದ. ನಿಮ್ಮ ಸಿನಿಮಾನ ಎಲ್ಲಾರಕಿಂತ ಹೆಚ್ಚ ಬೈದಾಂವ ಅವನ. ‘ಎರಡು ತಪ್ಪು ಅದಾವ, ಎದ್ದ ಕಾಣಸ್ತಾವ. ಕಡೀ ಸೀನಿನ್ಯಾಗ ಕ್ಯಾಮರಾ ಅಳಗ್ಯಾಡತೈತಿ. ಮತ್ತ ಹೆಂಗಸರೆಲ್ಲಾ ಅಳೂ ಮುಂದ ಒಬ್ಬಾಕಿ ನಗ್ತಾಳ. ಇಂಥಾ ತಪ್ಪ ಇಟ್ಕೊಂಡ ಸಿನಿಮಾಕ್ಕ ಪ್ರಶಸ್ತಿ ಕೊಟ್ರ ನಮ್ಮನ್ನ ನೋಡಿ ನಗ್ತಾರ’ ಅಂದ!

ಅಂದ... ನಿನ್ನ ಮುಂದ ಅಂದ. ಆಕಿ ನಿನ್ನ ಹೇಣ್ತಿ ಅಂತ ಗೊತ್ತಿದ್ದೂ ಅಂದ. ಮಾಸ್ತರ ಆದ್ರೇನು, ಅಷ್ಟೂ ಖಬರ ಬ್ಯಾಡೇನು ಮನಿಷ್ಯಾಗ? ನನಗ ತಲಿ ತಿರಗಿ ಹೋತು! ‘ಏ ಮಾಸ್ತರ, ಕ್ಯಾಮರಾ ಬೈ, ಕಥಿ ಬೈ, ಡೈರೆಕ್ಟರನ ಬೈ, ಆ ನಗೂ ತಂಟೇಕ ಬಂದಿ ಅಂದ್ರ ನಾಲಿಗಿ ಕಿತ್ತ ಕೈಯಾಗ ಕೊಡ್ತೇನಿ’ ಅಂದ್ನಿ. ಅನ್ನಬೇಕಾತು. ದೋಸ್ತಿ ಅಂತ ಒಂದ್ ಇರತೈತಿಲ್ಲ? ಅದಕ್ಕ ಅಂದೇನಿ. ಸಿನಿಮಾ ಛಲೋ ಐತಿ ಅಂತ ಅಲ್ಲ ಮತ್ತ!

ಸಿನಿಮಾ ಅಂತೂ... ಫಿರೋಜ್ಯಾ, ನಿನ್ನ ಮಾರಿ ಮುಂದ ಹೇಳ್ತೇನಿ, ಸಿಟ್ಟಾಗಬ್ಯಾಡ. ಅದೇನ ಸಿನಿಮಾನೋ! ಹೀರೋ ಇಲ್ಲ. ಫೈಟ್ ಇಲ್ಲ. ಒಂದ ಟಾಕೀಜು ಮುಚ್ಚತೈತಿ, ಅಲ್ಲೊಬ್ಬ ಮುದುಕ ಗೇಟಕೀಪರ. ಆಟಕ್ಕ ಮೂರ ಸಲ ಗಂಟಿ ಹೊಡೀತಾನ. ಹೊಡಿಯೂದು, ಚಾ ಕುಡಿಯೂದು, ಹೊಡಿಯೂದು, ಚಾ ಕುಡಿಯೂದು! ನಮ್ಮ ‘ಉಸ್ತಾದ’ನ್ಯಾಗ ಇಂಟರವಲ್ ಬರೂದರಾಗ ಜೀಪ ಮ್ಯಾಲ ಜೀಪ ಹಾರತಾವ, ದೊರಿ ಒಂದ ಕೈಲೆ ಶೇಂಗಾ ತಿನಕೋತ ಇನ್ನೊಂದ ಕೈಲೆ ಬಡೀತಾನ! ಅದು ಸಿನಿಮಾ! ಮಂದಿ ಎದ್ದ ನಿಂತು ಸೀಟಿ ಹೊಡೀಬೇಕು, ರುಮಾಲ ಹಾರಸಬೇಕು. ನಿಮ್ಮ ಗಂಟಿ ಸಿನಿಮಾಕ್ಕ ಎದ್ದ ನಿಂದರೂದಲ್ಲ, ಎದ್ದ ಹೋಗೂದು. ನಾ ಎದ್ದ ಬಂದ್ನಿಲ್ಲ? ನಿನಗ ಗೊತ್ತೈತಿ, ಇಬ್ರೂ ಕೂಡೇ ವಿಜಾಪುರಕ್ಕ ಹೋಗಿದ್ವಿ. ಇಂಟರವಲ್ಲಿಗೆ ಎದ್ದ ಬಂದು ಹೊರಗ ಮಿರ್ಚಿ ತಿನ್ನಕೋತ ನಿಂತಿದ್ನಿ. ನೀ ಸಿನಿಮಾ ಮುಗಿಸಿ ಕೆಂಪ ಕಣ್ಣ ಮಾಡ್ಕೊಂಡು ಬಂದಿ, ನಾ ನಿನಗೂ ಒಂದ ಮಿರ್ಚಿ ಕೊಟ್ನಿ. ನೆಪ್ಪ ಐತಿಲ್ಲ?

ಅರ್ಧಾನ ನೋಡಿದ್ರೂ ಸಾಕು ಬಿಡು, ಎಂಥಾ ಸಿನಿಮಾ ಅಂತ ತಿಳಿತೈತಿ. ಆ ಮುದುಕ, ಕಡೀ ಆಟದ ದಿನ ಎರಡು ಗಂಟಿ ಹೊಡೀತಾನ, ಮೂರನೇದು ಹೊಡಿಯಾಕ ಹಗ್ಗ ಹಿಡೀತಾನ. ಹೊಡದ್ರ ಆಟ ಚಾಲೂ ಆಗತೈತಿ, ಆಟ ಚಾಲೂ ಆದ್ರ ಮುಗೀತೈತಿ. ಅದಕ್ಕ ಹೊಡಿವಲ್ಲ! ಹಗ್ಗ ಹಿಡಕೊಂಡು ನಿಂತ ಬಿಡ್ತಾನ. ಒಳಗ ಮಂದಿ ಕಾಯಾಕತ್ತಾರ, ಅಂವಗ ಹಗ್ಗ ಜಗ್ಗಾಕ ಮನಸ ಇಲ್ಲ, ಬಿಡಾಕೂ ಮನಸ ಇಲ್ಲ... ಕೈ ನಡಗತೈತಿ. ಬರೇ ಕೈನ ತೋರಸ್ತಾನ ಡೈರೆಕ್ಟರ, ಮಾರಿ ತೋರಸೂದಿಲ್ಲ. ಎಷ್ಟೊತ್ತು ಬರೇ ಕೈ! ಆಮ್ಯಾಲ ಟಣ್ ಅಂತೈತಿ. ಒಮ್ಮಿಂದೊಮ್ಮಿ ಹೆಣ್ಣಮಕ್ಕಳ ಕಡೆ ತೋರಸ್ತಾನ, ಎಲ್ಲಾರೂ ಸೆರಗ ಬಾಯಾಗ ಇಟ್ಕೊಂಡು ಅಳ್ತಾರ, ಕಂಬದ ಬಾಜೂ ಹಸರ ಸೀರಿ ಉಟ್ಕೊಂಡು ಆಕಿ...

...

ಏನು?

ಯಾಕ ಹಂಗ ನೋಡ್ತಿ? ಮಾಸ್ತರ ಹೇಳಿದ. ಈಗ ಹೇಳಿದ್ನಲ್ಲ, ಮಾಸ್ತರ ಕಡೀ ಸೀನ್ ಹೇಳಿದ ಅಂತ. ಹಸರ ಸೀರಿ? ಅದು... ಅದು ಇಂದುಬಾಯಿ ಹೇಳಿದ್ಲು. ಹೆಣ್ಣಮಕ್ಕಳಿಗಿ ಸೀರಿ ಬಣ್ಣ ನೆಪ್ಪ ಇರತೈತಿಲ್ಲ. ಕೈ ನಡಗೂದು? ಅದನ್ನ ಅನಿಲಕುಮಾರ ಹೇಳಿರಬೇಕು. ಎಲ್ಲಾರೂ ತಿಂಗಳಗಟ್ಲೆ ಅದನ್ನ ಮಾತಾಡಿದ್ರ ಕಿವ್ಯಾಗ ಬೀಳೂದಿಲ್ಲೇನು? ಮಂದಿ ಬಾಯಿಂದ ಕೇಳಿ ಕೇಳಿ ನನಗೂ ಅರ್ಧಾ ಸಿನಿಮಾ ಬಾಯಿಪಾಠ ಆಗೈತಿ. ಅದರಾಗ ಏನೈತಿ!

ಸೆಕೆ ಆಗಾಕತ್ತೈತಿ ಇಲ್ಲಿ. ಈ ಗೋದಾಮಿಗಿ ಒಂದ ಕಿಡಕಿರ ಇಡಬಾರದಾ?

ಕೇಳಸ್ತು? ಸೀಟಿ ಹೊಡಿಯಾಕತ್ತಾರ. ಹುಡುಗರು ಕುಣಿಯಾಕತ್ತಾವ. ಇನ್ನೂ ಒಂದಿಷ್ಟು ತಡಾ ಮಾಡಿದ್ರ ಮಂದಿ ಎದ್ದ ಹೊಕ್ಕಾರ ಫಿರೋಜ್ಯಾ, ಖರೇನ ಹೇಳ್ತೇನಿ. ದೂರದ ಮಂದಿ, ಮತ್ತ ಕೂಡಸೂದ ಆಗೂದಿಲ್ಲ. ಹೋಗ್ಲಿ ಬಿಡು, ಯಾರೋ ಹಾಕ್ಯಾನ, ಹಾಕಿದ್ದ ಹಾಕ್ಯಾನ. ಪುಣ್ಯಾತ್ಮ! ಅವನ ಮನಸಿಗಿ ಬಂದೈತಿ, ಹಾಕ್ಯಾನ. ನಾ ಮೆರವಣಿಗಿ ಮಾಡಸೂದಿಲ್ಲ, ನೀ ಕೇಳಬ್ಯಾಡ, ಇಬ್ರೂ ಬಿಟ್ಟ ಬಿಡೂಣು. ಏನಂತಿ? ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಡಿ, ಏಳು.

ಏಳೂದಿಲ್ಲ. ಥೂ ನಿನ್ನ! ಎಮ್ಮೀಗರ ಹೇಳಿದ್ರ ತಿಳಿತೈತಿ.

ಏನದು... ಗ್ಲಾಸ ತೊಡಿ ನಡುವ ಇಟ್ಕೊಂಡು ಬೆರಳ ಯಾಕ ಮಡಚಾಕತ್ತಿ? ಏನ್ ಎಣಸ್ತಿ? ಮುತ್ತುರಾಜ... ಹಾಂ, ಅಂವ ಅಲ್ಲ ಅಂದ್ನಿ. ಭೀಮಶ್ಯಾ, ಅವನೂ ಅಲ್ಲ ಅಂದ್ನಿ. ಮಾಸ್ತರ... ನೀವು ಮೂರು ಮಂದಿ ನಿಮ್ಮ ಬುಟ್ಟ್ಯಾಗ. ಅವರು ಮೂರು ಮಂದಿ ನಮ್ಮ ಬುಟ್ಟ್ಯಾಗ. ಮೂರು ಮೂರು ಆರು. ಗೊತ್ತೈತಿ ನನಗ, ಸಾಲಿ ಕಲತೇನಿ. ಆರ ಬೆರಳ ಮಡಚಿ ಒಂದ ಬೆರಳ ಯಾಕ ಹಂಗ ನೆಟ್ಟಗ ಹಿಡದಿ? ಮಡಚು ಅದನ್ನೂ. ಮಡಚಲೇ! ನನ್ನ ಕಡೆ ಯಾಕ ತೋರಸ್ತಿ?

ನಾ?

ನಾನ? ಹುಚ್ಚ ಗಿಚ್ಚ ಹಿಡದೈತೇನ ನಿನಗ! ಶಂಕರೆಪ್ಪ! ದೊರಿ ಹುಟ್ಟಿದ ದಿನ ಇಡೀ ಬಜಾರಕ್ಕ ಹುಗ್ಗಿ ಹಾಕ್ಸಾಂವ ನಾ! ದೊರಿ ಸಿನಿಮಾ ಬಂದ್ರ ಲಿಂಬಿ ಹರಿಯೂದ ಬಿಟ್ಟು ಮೊದಲ್ನೇ ಆಟಕ್ಕ ಹೋಗಾಂವ ನಾ! ಎದಿ ಮ್ಯಾಲ ಅವನ ಹೆಸರ ಐತಿ, ಅಂಗಿ ಬಿಚ್ಚಿ ತೋರಸ್ಲೇನು? ನನ್ನ ಹೇಣ್ತಿ ರುಕ್ಮವ್ವ ಹಸಿ ಕೋಲಿಲೆ ಬಡಿದಿದ್ಲು ಅವತ್ತ, ‘ಹೇಣ್ತಿ ಹೆಸರ ಹಚ್ಚಿಸಿಕೊಳ್ಳೂದ ಬಿಟ್ಟು’ ಅಂತ. ನಾ ದೊರಿ ಬಿಟ್ಟು ಗಂಟಿ ಹೊಡಿಯೂ ಮುದುಕಗ ಲಿಂಬಿ ಹಾಕ್ತೇನಾ? ಮಂದಿ ಕೇಳಿದ್ರ ಉಗೀತಾರ! ನಾಳೆ ಅಧ್ಯಕ್ಷಗಿರಿ ಕಸಗೊಂಡು ಮುತ್ತುರಾಜಗ ಕೊಡ್ತಾರ. ಅಂಥಾ ಕೆಲಸ ಮಾಡ್ತೇನಾ ನಾ? ಹೇಳು, ಮಾಡ್ತೇನಾ?

ಮಾತಾಡು.

ಮಾತಾಡಲೇ ಫಿರೋಜ್ಯಾ. ಬೈ. ಹೊಡಿ. ಹಿಂಗ ಸುಮ್ಮ ಕುಂದರಬ್ಯಾಡ.

...

...ಎರಡೂ ಬುಟ್ಟಿ ಒಂದ ನಮೂನಿ ಕಾಣಸ್ತಾವ ಅಲ್ಲಿ ಕತ್ತಲ್ಯಾಗ... ಇಲ್ಲ. ಕಾಣಸೂದಿಲ್ಲ. ದೊರಿ ಮಾರಿ ನನ್ನ ನೋಡಾಕತ್ತಿತ್ತು. ನಾ ಅವನ ಮಾರಿ ಮ್ಯಾಲ ನನ್ನ ಟವೆಲ್ ಹಾಕಿದ್ನಿ. ಟವೆಲ್ ಹಾಕಿ, ಆಮ್ಯಾಲ... ಹೌದು. ನಂದ ಅದು. ನಾಲ್ಕನೇ ಲಿಂಬಿ ನಂದ. ಸಮಾಧಾನ ಆತಿಲ್ಲ? ಹೋಗು, ಹೊರಗ ಹೋಗಿ ಮೈಕಿನ್ಯಾಗ ಹೇಳು!

ಏ ಏ ಏ, ಕುಂದ್ರು. ಎಲ್ಲಿಗಿ ಎದ್ದಿ? ಕುಂದ್ರಪಾ, ಕೈ ಮುಗೀತೇನಿ. ಆ ಗ್ಲಾಸ ಕೆಳಗ ಇಡಬ್ಯಾಡ. ಪೂರಾ ಕೇಳು, ಆಮ್ಯಾಲ ಹರಾಮ ಅನ್ನಿಸಿದ್ರ ಚೆಲ್ಲು. ಪೆನ್‌ಡ್ರೈವೂ ಒಡದ ಹಾಕು. ನಾನ ಹೊರಗ ಹೋಗಿ ಮಂದಿಗಿ ಹೇಳ್ತೇನಿ, ಮಶೀನ ಕೆಟ್ಟೈತಿ ಅಂತ.

ನಿನ್ನ ಮಾರಿ ನೋಡಿ ಹಾಕಿಲ್ಲ ನಾ. ನಿನ್ನ ಮ್ಯಾಲ ಕನಿಕರಾ? ನಿನ್ನ ಮ್ಯಾಲ ಯಾವಾಂವ ಕನಿಕರಾ ಮಾಡ್ತಾನ, ನಿನ್ನಂಥಾ ಮೊಂಡನ ಮ್ಯಾಲ! ನಿನಗ ಸಮಾಧಾನ ಹೇಳಾಕ ಊರ ಬಂದಿತ್ತು. ಎಲ್ಲಾರೂ ನಿನ್ನ ಕೈ ಹಿಡದ್ರು, ನಿನ್ನ ಬೆನ್ನ ಸವರಿದ್ರು. ನಾನೂ ಹಿಡದ್ನಿ. ನಿನಗ ಬರಬೇಕಾದದ್ದ, ನಿನ್ನ ಹೇಣ್ತಿ. ಮನ್ಯಾಗ ಆಕಿ ಸೀರಿ ಅದಾವ, ಫೋಟೋ ಐತಿ, ಆಕಿ ಹಚ್ಚಿದ ಕರಿಬೇವಿನ ಗಿಡಾ ಐತಿ. ನನಗೇನೈತಿ? ನಾ ಯಾರು ಆಕಿಗಿ? ದೋಸ್ತನ ಹೇಣ್ತಿ. ದೋಸ್ತನ ಹೇಣ್ತಿ ಸತ್ರ ಎಷ್ಟ ದಿನಾ ಅಳಬೇಕು? ಮೂರನೇ ದಿನಕ್ಕ ಲಿಂಬಿ ಹರಿಯಾಕ ಹೋದ್ನಿ. ಹೋಗಬೇಕು, ಯಾರೇನಂತಾರ!

ನನಗ ಅಕ್ಕ ತಂಗಿ ಇಲ್ಲ, ನಿನಗ ಗೊತ್ತೈತಿ. ಆಕಿ ನಿಮ್ಮ ಮನಿಗಿ ಬಂದ ಹೊಸದರಾಗ, ಪಂಚಮಿ ದಿನ ನಮ್ಮ ಮನಿ ಮುಂದ ಹಾದು ಹೊಂಟಾಕಿ ರುಕ್ಮವ್ವನ್ನ ಕೇಳಿದ್ಲು, ‘ನಿಮ್ಮ ಅಣ್ಣಾರು ತವರಿಗಿ ಕರಿಯಾಕ ಬಂದಾರೇನ್ರಿ?’ ಅಂತ. ನಾ ಚ್ಯಾಷ್ಟಿ ಮಾಡಿದ್ನಿ, ‘ನಿನಗ ಯಾರೂ ಬರಲಿಲ್ಲೇನವಾ?’ ‘ನಮ್ಮಾಗ ಆ ಹಬ್ಬಿಲ್ಲ ಶಂಕ್ರಣ್ಣಾ’ ಅಂದ್ಲು. ‘ನಮ್ಮಾಗ ಐತಿ’ ಅಂದ್ನಿ. ಅವತ್ತಿಂದ ಒಂದ ಪಂಚಮಿ ತಪ್ಪಸಿಲ್ಲ, ಉಂಡಿ ಡಬ್ಬಿ ಹಿಡಕೊಂಡು ನಿಮ್ಮ ಮನಿಗಿ ಬಂದೇನಿ. ರಮಜಾನಕ್ಕ ಸುರಕುಂಬಾ ಪಾಯಸ ನಮ್ಮ ಮನಿಗಿ ಬಂದೈತಿ, ಅದೂ ಮೊದಲ ನಮ್ಮ ಮನಿಗಿ, ಆಮ್ಯಾಲ ಉಳದವರಿಗಿ.

ಈ ಸಲ ಪಂಚಮಿಗೆ ರುಕ್ಮವ್ವ ರೂಢಿ ಮ್ಯಾಲ ಶೇಂಗಾ ಉಂಡಿ ಒಂದ್ ಡಬ್ಬಿ ಕಟ್ಟಿ ಇಟ್ಟಿದ್ಲು. ಕಟ್ಟಿದ ಮ್ಯಾಲ ಆಕಿಗೂ ನೆಪ್ಪಾತು, ಮುಚ್ಚಳಾ ಬಿಗಿ ಮಾಡಿ ನನ್ನ ಕೈಯಾಗ ಇಟ್ಲು. ನಾ ತಗೊಂಡು ಹೊಂಟ್ನಿ. ನಿಮ್ಮ ಓಣಿ ಮೂಲಿ ತನಕಾ ಬಂದ್ನಿ. ಯಾರಿಗಿ ಕೊಡ್ಲಿ? ನಿನಗ ಕೊಟ್ರ ನೀ ಅಳ್ತಿ, ನಾ ಅಳ್ತೇನಿ. ತಿರಗಿ ಹೋಗಿ ತ್ವಾಟದಾಗ ಲಿಂಬಿ ಹರಿಯೂ ಹೆಣ್ಣಮಕ್ಕಳಿಗಿ ಹಂಚಿದ್ನಿ. ‘ಎಪ್ಪಾ, ಏನ್ ಛಲೋ ಅದಾವ’ ಅಂದ್ರು. ನಾ ಒಂದೂ ತಿನ್ನಲಿಲ್ಲ.

ಅವತ್ತ ವಿಜಾಪುರದಾಗ ಇಂಟರವಲ್ಲಿಗೆ ಎದ್ದ ಬಂದಿದ್ದು ಖರೇ. ಆಕಿ ಬರೂ ಸೀನ್ ಮುಂದ ಐತಿ ಅಂತ ಗೊತ್ತಿತ್ತು. ನಿನ್ನ ಬಾಜೂ ಕುಂತು ಅದನ್ನ ನೋಡೂ ಧೈರ್ಯಾ ನನಗ ಇರಲಿಲ್ಲ. ಆಮ್ಯಾಲ... ಒಬ್ಬಾಂವನ ಹೋಗಿ ನೋಡಿ ಬಂದ್ನಿ. ಎಷ್ಟ ಸಲ ಅಂತ ಕೇಳಬ್ಯಾಡ. ರುಕ್ಮವ್ವಗ ಲಿಂಬಿ ಸಸಿ ತರಾಕ ಹೊಂಟೇನಿ ಅಂತ ಹೇಳಿ ಹೋಗೂದು, ಬರಿಗೈಲೆ ಬರೂದು. ‘ಸಸಿ ಎಲ್ಲಿ’ ಅಂದ್ರ ‘ಛಲೋ ಇರಲಿಲ್ಲ’ ಅನ್ನೂದು. ವಾರದಾಗ ಟಾಕೀಜಿನಿಂದ ತಗ್ದ ಬಿಟ್ರು. ಮೊಬಾಯ್ಲಿನ್ಯಾಗ ನೋಡಿದ್ರ ಏನ್ ಕಾಣಸ್ತೈತಿ, ಹೆಬ್ಬೆರಳಷ್ಟು ಮಾರಿ! ನನಗ ದೊಡ್ಡದಾಗಿ ನೋಡಬೇಕಾಗಿತ್ತು. ಗೆದ್ರ ಬಜಾರದಾಗ ತೋರಸ್ತಾರ, ಇಷ್ಟು ದೊಡ್ಡ ಪರದೆ ಮ್ಯಾಲ, ಊರಾಗ, ಆಕಿ ಊರಾಗ. ಅದಕ್ಕ ಹಾಕಿದ್ನಿ ಲಿಂಬಿ. ನಿನಗಲ್ಲ, ನನಗ! ನಿನ್ನ ಮಾರಿ ನೋಡಿ ಹಾಕಿದ್ರ ಹರಾಮ ಅಂದಿ. ನನ್ನ ಮಾರಿ ನೋಡ್ಕೊಂಡು ಹಾಕಿದ್ರ ಏನಂತಿ?

ಸಿನಿಮಾ... ಸಿನಿಮಾನೂ ಛಲೋ ಐತಿ. ಆ ಕೈ ನಡಗೂದು ಐತೆಲ್ಲ... ದೊರಿಗಿ ಬರೂದಿಲ್ಲ ಅದು. ಹೇಳಬ್ಯಾಡ ಮತ್ತ ಯಾರಿಗೂ ನಾ ಹಂಗ ಅಂದ್ನಿ ಅಂತ!

ಇನ್ನೊಂದ ಐತಿ. ಕೇಳೇ ಬಿಡು. ಇದನ್ನ ಹೊಟ್ಯಾಗ ಇಟ್ಕೊಂಡು ನನಗ ಸಾಕಾಗೈತಿ.

ಆಕಿ ಯಾಕ ನಕ್ಲು ಅಂತ ನಿನಗ ಗೊತ್ತಿಲ್ಲ. ನಮ್ಮೂರ ಟಾಕೀಜಿನ್ಯಾಗ ಶೂಟಿಂಗ್ ನಡದ ದಿನ ನೀ ಮ್ಯಾಲ ಕ್ಯಾಬಿನ್ನಿನ್ಯಾಗ ಇದ್ದಿ, ಮಶೀನ ಬೆಳಕ ಬಿಡಾಕ. ಕೆಳಗ ಡೈರೆಕ್ಟರ, ಆಟಾ ನೋಡೂ ಮಂದಿ ಅಂತ ಕುಂದರಿಸಿದ ನಮ್ಮೂರ ಹೆಣ್ಣಮಕ್ಕಳಿಗಿ ಅಳ್ರಿ ಅಳ್ರಿ ಅಂತ ಕೈ ಮುಗದ. ಎಲ್ಲಾರೂ ಅತ್ರು, ಆಕಿನೂ ಅಳಾಕ ತಯಾರಾಗಿದ್ಲು. ನಾ ಕ್ಯಾಮರಾದವನ ಹಿಂದ ನಿಂತಿದ್ನಿ. ದೊರಿ ಶೇಂಗಾ ಮ್ಯಾಲ ಹಾರಿಸಿ ಬಾಯಾಗ ಹಿಡೀತಾನಲ್ಲ... ಆಕಿ ನನ್ನ ಕಡೆ ನೋಡಿದ್ಲು. ನನಗೇನ್ ಬುದ್ಧಿನೋ! ಕಿಸೇದಾಗ ಶೇಂಗಾ ಇರಲಿಲ್ಲ, ಲಿಂಬಿ ಇತ್ತು. ದೊರಿ ಹಂಗ ಹುಬ್ಬ ಹಾರಿಸಿ, ಲಿಂಬಿ ಮ್ಯಾಲ ಒಗದು, ಬಾಯಿ ತೆರದು ನಿಂತ್ನಿ. ಬಾಯಾಗ ಬೀಳಲಿಲ್ಲ ಅದು. ಕ್ಯಾಮರಾದವನ ಬೋಳ ತಲಿ ಮ್ಯಾಲ ಟಪ್ ಅಂತ ಬಿತ್ತು!

ಅಂವ ಬೆಚ್ಚಿ ಬಿದ್ದ. ಕ್ಯಾಮರಾ ಅಳಗ್ಯಾಡತು. ಆಕಿ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು, ತಡೀಲಿಲ್ಲ, ಕೈ ತಗದು ನಕ್ಕ ಬಿಟ್ಲು... ಮಾಸ್ತರ ಹೇಳಿದನಲ್ಲ ಎರಡು ತಪ್ಪು, ಎರಡೂ ನನ್ನವ. ಡೈರೆಕ್ಟರ ಅವನ್ನ ಯಾಕ ಇಟ್ಕೊಂಡನೋ, ಅವಂಗ ಗೊತ್ತು.

ಅವತ್ತ ಊಟಕ್ಕ ಕುಂತಾಗ ಆಕೀನ್ನ ನೀ ಕೇಳಿದ್ಯಂತ, ಯಾಕ ನಕ್ಕಿ ಅಂತ. ‘ನಿಮ್ಮ ದೋಸ್ತನ್ನ ಕೇಳ್ರಿ’ ಅಂದ್ಲಂತ ಆಕಿ. ಮರುದಿನ ನೀ ಬಂದು ಕೇಳಿದಿ, ನಾ ನನಗೇನ್ ಗೊತ್ತು ಅಂದ್ನಿ. ಸಿನಿಮಾದವರು ಬೈದಾರು ಅಂತ ಅಂಜಿದ್ನಿ. ಬಿಡುಗಡಿ ಆದ ಮ್ಯಾಲ ಮೂರೂ ಮಂದಿ ಕುಂತು ಹೇಳೂಣು, ಆಕಿ ಮುಂದ ಹೇಳೂಣು ಅಂದ್ಕೊಂಡಿದ್ನಿ. ಅಷ್ಟೊತ್ತಿಗಿ...

ಏ. ಅಳಬ್ಯಾಡಲೇ. ನಗೂ ಅಂಥಾದ್ದು ಹೇಳಿದ್ರ ಅಳ್ತಾನ, ಬೈದ್ರ ನಗ್ತಾನ. ಎಂಥಾ ಮನಿಷ್ಯಾನೋ ನೀ!

ಏನದು... ನನಗ್ಯಾಕ ಗ್ಲಾಸ? ಬ್ಯಾಡ, ನಾ ಮುಟ್ಟೂದಿಲ್ಲ ಅಂದೇನಿ, ಇಂದುಬಾಯಿ ಮುಂದ ಆಣೆ ಮಾಡೇನಿ. ನೀ ಕುಡಿ ಮೊದಲ. ...ಕುಡದ್ಯಾ? ಕುಡದಿ. ಅರ್ಧಾ ನನಗ? ಹಂಗಾರ ತಾ. ಹುಳಿ ಐತೋ ಮಾರಾಯಾ, ನನ್ನ ತ್ವಾಟದ್ದ ಅಂತ ಗೊತ್ತಾಗತೈತಿ.

ಕೊಡು ಪೆನ್‌ಡ್ರೈವ್... ಬ್ಯಾಡ, ನೀನ ಹಚ್ಚು. ಮಶೀನ ಚಾಲೂ ಮಾಡಿ ಬಂದು ನಡುವಿನ ಚಾಪಿ ಮ್ಯಾಲ ಕುಂದ್ರು. ಆ ಜಾಗಾ ಹಿಡದ ಇಟ್ಟೇನಿ, ಟವೆಲ್ ಹಾಕೇನಿ. ಅಲ್ಲಿ ಕುಂತ್ರ ಆಕಿ ಸೀದಾ ನಮ್ಮ ಕಡೆನ ನೋಡ್ತಾಳ, ನಾ ಟಾಕೀಜಿನ್ಯಾಗ ಎಲ್ಲಾ ಕಡೆ ಕುಂತು ನೋಡೇನಿ.

ಮತ್ತ ಈ ಮಾತು ಈ ಗೋದಾಮ ದಾಟಬಾರದು. ಮುತ್ತುರಾಜಗ ಗೊತ್ತಾದ್ರ ಟೆಂಪೋ ಮೈಮ್ಯಾಲ ತರ್ತಾನ. ನಡಿ, ಏಳು, ಕಣ್ಣ ಒರಸ್ಕೋ. ಇಂಟರವಲ್ ತನಕಾ ನಾ ಒದರಿ ಒದರಿ ಬೈತೇನಿ, ನೀ ಸುಮ್ಮ ಕೇಳಸ್ಕೋ. ಆಮ್ಯಾಲ ಇಬ್ರೂ ಸುಮ್ಮ ಕುಂದ್ರೂಣು.